ವರ್ತನೆ ಮನೆಗಳ ದಾರಿ

ಮುನಿನಾರಾಯಣಮ್ಮನ ಬಾಯಿಗೆ ಹೆದರದವರು ಆ ಊರಲ್ಲಿ ಯಾರಿದ್ದರು ಹೇಳಿ? ಗಂಡ ಚಿಕ್ಕಮುನಿಯಪ್ಪ ಹೆದರುತ್ತಿದ್ದ, ಮಗ ಜಯರಾಮಪ್ಪ ಹೆದರುತ್ತಿದ್ದ, ಕೊಟ್ಟಿಗೆಯ ಎಮ್ಮೆ ಕೂಡ ಅವಳ ದನಿ ಕೇಳಿದರೆ ಬಾಲ ಬೀಸುವುದನ್ನು ನಿಲ್ಲಿಸುತ್ತಿತ್ತು. ಇನ್ನು ಸೊಸೆ ಅಶ್ವತ್ಥಮ್ಮನ ಪಾಡು ಕೇಳಲೇಬೇಡಿ. ಮುದ್ದೆ ಗಟ್ಟಿಯಾದರೆ ‘ಗೋಡೆಗೆ ಎಸುದ್ರೆ ಗೋಡೆ ಬಿದ್ದೋಯ್ತದೆ’, ಮೆತ್ತಗಾದರೆ ‘ಅಂಬಲಿ ಕಾಸಕ್ಕೆ ಯಾರ್ ಕಲ್ಸುದ್ರಮ್ಮಿ ನಿಂಗೆ?’ ಅಂಥ ಬಾಯಿ ಒಂದು ಬೆಳಿಗ್ಗೆ, ಎಮ್ಮೆಯ ಕೆಚ್ಚಲ ಕೆಳಗೆ ಕೂತಲ್ಲೇ ಸೊಟ್ಟಗಾಗಿ ನಿಂತುಹೋಯಿತು. ಚೊಂಬು ಉರುಳಿತು, ಹಾಲೆಲ್ಲ ಗಂಜಲದ ಪಾಲಾಯಿತು.

ಬಂಗಾರಪೇಟೆಯ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲು ಎಳೆದುಕೊಂಡಾದರೂ ನಡೆಯುತ್ತಿತ್ತು. ಬಲಗೈ ಸೋತಿತ್ತು. ಮಾತು ಮಾತ್ರ ಒಂದೂ ಇಲ್ಲ. ಬಾಯಿ ತೆರೆಯುವಳು, ಕತ್ತಿನ ನರ ಉಬ್ಬುವುದು, ‘ಆ... ಆ...’ ಅನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬುವುದು. ಆಸ್ಪತ್ರೆಯಿಂದ ಹೊರಡುವಾಗ ಅಶ್ವತ್ಥಮ್ಮ ಅಲ್ಲಿದ್ದ ಡಾಕ್ಟರಮ್ಮನನ್ನು ಕೇಳಿದ್ದಳು, “ಮಾತು ಬರೋಕೆ ಏನಾದ್ರೂ ಮಾತ್ರೆ ಬರ್ಕೊಡಿ ಮೇಡಮ್ಮೋರೆ.”

“ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟಿದೀನಿ. ಮಾತಿಗೆ ಮಾತ್ರೆ ಇಲ್ಲಮ್ಮ,” ಅಂದಿದ್ದರು ಆಕೆ. “ಮೂಲೇಲಿ ಕೂರಿಸಬೇಡಿ, ಅಷ್ಟೆ. ಮೊದಲು ಯಾವ ಕೆಲಸ ಮಾಡ್ತಿದ್ರೋ ಅದನ್ನೇ ಕೈಗೆ ಕೊಡಿ. ಯಾರ ಹತ್ತಿರ ಮಾತಾಡ್ತಿದ್ರೋ ಅವರ ಹತ್ತಿರ ಕರ್ಕೊಂಡು ಹೋಗಿ. ಮಾತು ಹುಡುಕ್ತಿರೋವಾಗ ನೀವು ನಡುವೆ ಬಾಯಿ ಹಾಕಬೇಡಿ. ಕಾಯಿರಿ.”

ಕಾಯುವುದಂತೆ! ಎಮ್ಮೆ ಕಾಯುವುದು ಗೊತ್ತು, ಹೊಲ ಕಾಯುವುದು ಗೊತ್ತು, ಮಾತು ಕಾಯುವುದು ಯಾರಿಗೆ ಗೊತ್ತು? ಮನೆಯಲ್ಲಿ ಎಲ್ಲರೂ ಅವಳ ಬಾಯಿ ಅಲ್ಲಾಡುವ ಮುಂಚೆಯೇ ‘ನೀರಾ? ಮುದ್ದೆನಾ? ಒರಗ್ತೀಯಾ?’ ಅಂತ ಮೇಲೆ ಬೀಳುತ್ತಿದ್ದರು. ಪಾಪ, ಅವಳು ಎಲ್ಲಕ್ಕೂ ತಲೆ ಅಲ್ಲಾಡಿಸಿ ಗೋಡೆ ಕಡೆ ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ಚಿಕ್ಕಮುನಿಯಪ್ಪ ಹುರುಳಿಕಾಳಿನ ಬಸ್ಸಾರಿಗೆ ಮುದ್ದೆ ಅದ್ದುತ್ತಾ ಕೂತಿದ್ದ. ಎದುರಿಗಿದ್ದ ಹೆಂಡತಿ ಅವನ ಮುಖ ನೋಡಿ ನೆಟ್ಟಗೆ ಅಂದಳು:

“ತಣ್ಣಿ ಕುಡು.”

ಚಿಕ್ಕಮುನಿಯಪ್ಪ ಅದ್ದಿದ ಮುದ್ದೆಯನ್ನು ತಟ್ಟೆಗೇ ಬಿಟ್ಟ. “ಏನಂದೆ?”

“ತಣ್ಣಿ. ತಣ್ಣಿ ಕುಡು.”

ನೀರು ಕೊಡು ಅಂತ, ಅಪ್ಪಟ ತಮಿಳಲ್ಲಿ. ಅಶ್ವತ್ಥಮ್ಮ ಓಡಿ ಚೊಂಬಲ್ಲಿ ನೀರು ತಂದುಕೊಟ್ಟಳು. ಅವಳಿಗೆ ಕುಣಿಯುವಷ್ಟು ಸಂತೋಷ, ಅತ್ತೆ ಬಾಯಿಂದ ಒಂದು ಮಾತು ಬಂತಲ್ಲ! ಮಾವನ ಮುಖ ನೋಡಿದರೆ ಅದು ಸುಣ್ಣದ ಹಾಗೆ ಬೆಳ್ಳಗಾಗಿತ್ತು.

“ಇವ್ಳು ನಮ್ಮೋಳಲ್ಲ ಕಣಮ್ಮ,” ಅಂದ ಮುದುಕ. “ನಲವತ್ತು ವರ್ಷ ಸಂಸಾರ ಮಾಡಿದೀನಿ. ಒಂದಿನ ತಮಿಳು ಆಡಿದ್ದು ಕೇಳಿಲ್ಲ. ಗಣೀಲಿ ಸತ್ತೋರ್ದು ಯಾವ್ದೋ ಮೆಟ್ಕೊಂಡೈತೆ.”

ಸಂಜೆ ಜಯರಾಮಪ್ಪ ಗಣಿಯ ಪಾಳಿ ಮುಗಿಸಿ ಬಂದ ಮೇಲೆ ಮನೆಯಲ್ಲಿ ಅದೇ ರಾಮಾಯಣ.

“ಅಪ್ಪಯ್ಯ, ಅಮ್ಮ ಅಷ್ಟ್ ವರ್ಷದಿಂದ ನಂದಿದುರ್ಗ ಗಣಿ ಕೆಲಸದೋರ ಲೈನ್ ಮನೆಗಳಿಗೆ ಆಲು ಆಕ್ತಾ ಇರ್ಲಿಲ್ವಾ? ಅಲ್ಲಿರೋರೆಲ್ಲ ತಮಿಳೋರೇ. ಕಲ್ತಿದ್ದಾಳೆ.”

“ಕಲ್ತಿದ್ರೆ ಮನೇಲ್ಯಾಕೆ ಆಡ್ಲಿಲ್ಲ?”

“ಮನೇಲಿ ಯಾರತ್ರ ಆಡ್ತಾಳೆ, ನಿನ್ನತ್ರಾನಾ?”

“ಸರಿ ಕಣ್ಲಾ, ಬುದ್ವಂತ. ಕಲ್ತಿದ್ಳು ಅನ್ನು. ಉಟ್ಟಿದಾಗಿಂದ ಆಡಿದ ಮಾತು ಓಗಿ, ಬೀದೀಲಿ ಕಲ್ತಿದ್ದು ಮಾತ್ರ ಎಂಗ್ಲಾ ಉಳೀತು? ಅದೇಳು.”

ಜಯರಾಮಪ್ಪ ತಟ್ಟೆ ಎಳೆದುಕೊಂಡು ಮುದ್ದೆ ಮುರಿದ. ಮುದುಕ ಅಲ್ಲೇ ತೀರ್ಮಾನ ಮಾಡಿಬಿಟ್ಟ. ಆಂಧ್ರದ ಗಡಿ ಕಡೆ ಕೋದಂಡಪ್ಪ ಅಂತ ಒಬ್ಬನಿದ್ದಾನೆ, ಮೆಟ್ಟಿದ್ದನ್ನು ಬಿಡಿಸುವವನು. ಅಮಾವಾಸ್ಯೆಗೆ ಬರಹೇಳುವುದು. ಕೋದಂಡಪ್ಪನ ವೈದ್ಯ ಅಂದರೆ ಹುಣಸೆ ಬರಲು, ಬಳುಕುವ ಹಸಿ ಕಡ್ಡಿ. ಮೈ ಮೇಲೆ ಬಂದದ್ದು ಹೆಸರು ಹೇಳಿ ಬಿಟ್ಟು ಹೋಗುವ ತನಕ ಹೊಡೆಯುತ್ತಾನೆ. ಅಶ್ವತ್ಥಮ್ಮ ಅತ್ತೆಯ ಕಡೆ ತಿರುಗಿ ನೋಡಿದಳು. ಹೆಸರು ಹೇಳುವ ತನಕ! ಈ ಹೆಂಗಸಿಗೆ ತನ್ನ ಹೆಸರೇ ಬಾಯಿಗೆ ಬರುವುದಿಲ್ಲವಲ್ಲ, ಏಟು ನಿಲ್ಲುವುದು ಯಾವಾಗ?

ಈ ನಡುವೆ ಹಾಲಿನ ಪಾಡು ಬೇರೆ. ಗೊತ್ತಾದ ಮನೆಗೆ ದಿನಾ ಹಾಕುವ ವರ್ತನೆ ಹಾಲು ನಿಂತರೆ ಆ ವರ್ತನೆ ಮನೆ ಕೈಬಿಟ್ಟುಹೋಗುತ್ತದೆ, ಇನ್ನೊಬ್ಬರು ಕ್ಯಾನು ಹಿಡಿದು ನಿಂತಿರುತ್ತಾರೆ. ಅತ್ತೆ ಆ ಮನೆಗಳನ್ನು ಸೊಸೆಗೆ ಒಂದು ದಿನವೂ ತೋರಿಸಿದವಳಲ್ಲ, ಅದು ಅವಳ ರಾಜ್ಯ. ಅಶ್ವತ್ಥಮ್ಮ ಒಬ್ಬಳೇ ಕ್ಯಾಸಂಬಳ್ಳಿಯಲ್ಲಿ ಬಸ್ಸು ಹತ್ತಿ ಲೈನಿಗೆ ಹೋದ ದಿನ ಯಾರಿಗೆ ಪಾವು, ಯಾರಿಗೆ ಅರ್ಧ ಸೇರು ಗೊತ್ತಾಗದೆ ಬೈಸಿಕೊಂಡು ಬಂದಳು. ಕೊನೆಯ ಮನೆಗಳಿಗೆ ಹಾಲೇ ಸಾಲಲಿಲ್ಲ.

ಮಾರನೇ ದಿನ ಅವಳು ಅತ್ತೆಗೆ ತಲೆ ಬಾಚಿ, ಸೀರೆ ಉಡಿಸಿ, ಸೋಲದ ಎಡಗೈಗೆ ಅಳತೆ ಪಾವು ಕೊಟ್ಟಳು. “ಬನ್ನಿ ಅತ್ತೆ. ನಂಗೆ ದಾರಿ ಗೊತ್ತಿಲ್ಲ, ನೀವೇ ತೋರ್ಸಿ.”

ಮುನಿನಾರಾಯಣಮ್ಮ ಪಾವನ್ನು ತಿರುಗಿಸಿ ನೋಡಿದಳು. ಎದ್ದು ನಿಂತಳು. ಬಸ್ಸಿನಲ್ಲಿ ಕಂಡಕ್ಟರು ಎದ್ದು ಜಾಗ ಕೊಟ್ಟ.

ಲೈನಿನ ಬಾಯಿಗೆ ಬಂದಳೋ ಇಲ್ಲವೋ, ಆ ಎಳೆಯುವ ಕಾಲಿಗೆ ಎಲ್ಲಿಂದ ಬಂತು ಆ ಚುರುಕು? ಒಂದೇ ಅಚ್ಚಿನ ತಗಡಿನ ಮನೆಗಳು, ಒಂದೇ ಬಣ್ಣದ ಬಾಗಿಲುಗಳು. ಸೊಸೆಗೆ ಯಾವುದು ಯಾವುದೋ. ಅತ್ತೆ ಮಾತ್ರ ಕೆಲವು ಬಾಗಿಲು ಬಿಟ್ಟು ಕೆಲವಕ್ಕೆ ನಿಂತಳು. ಮೊದಲ ಮನೆಯಾಕೆ ಪಾತ್ರೆ ಹಿಡಿದು ಬಂದಾಗ ಅಶ್ವತ್ಥಮ್ಮ ಒಂದು ಪಾವು ಸುರಿದು ಕ್ಯಾನಿನ ಮುಚ್ಚಳ ಹಾಕಹೋದಳು. ಅತ್ತೆ ಅವಳ ಮಣಿಕಟ್ಟು ಹಿಡಿದಳು. ಇನ್ನರ್ಧ ಪಾವು ಹಾಕಿದಳು, ಮೇಲೊಂದು ಕೊಸರು. ಇನ್ನೊಂದು ಬಾಗಿಲಲ್ಲಿ ಅಳತೆ ಹಾಕಿ, ಕೊಸರಿಗೆ ಪಾತ್ರೆ ಚಾಚಿದವಳ ಮುಖ ನೋಡಿ, ಮೂತಿ ತಿರುಗಿಸಿ ಮುಚ್ಚಳ ಬಿಗಿದಳು. ಆ ಹೆಂಗಸಿಗೆ ನಗು ತಡೆಯಲಾಗಲಿಲ್ಲ. “ಎಲ್ಲ ಮರೆತ್ರೂ ನನ್ ಮೇಲಿನ ಕೋಪ ಮರೀಲಿಲ್ಲ ನೋಡು ಈಯಮ್ಮ!”

ಅಶ್ವತ್ಥಮ್ಮನಿಗೆ ಮೈ ಜುಮ್ಮೆಂದಿತು. ಈ ತಲೆ ಖಾಲಿ ಅಂತ ಯಾರು ಹೇಳಿದ್ದು? ಮನೆಮನೆಯ ಅಳತೆ, ಮನೆಮನೆಯ ಋಣ, ಮುನಿಸು ಸಮೇತ ಎಲ್ಲ ಒಳಗೇ ಇದೆ. ಹೊರಗೆ ಬರುವ ಬಾಗಿಲು ಮಾತ್ರ ಸಿಕ್ಕಿಹಾಕಿಕೊಂಡಿದೆ. ದೇವರೇ, ಮನುಷ್ಯರನ್ನು ಎಂಥಾ ಸೋಜಿಗವಾಗಿ ಮಾಡಿದ್ದೀಯಪ್ಪ ಅಂತ ಅವಳು ನಡುಬೀದಿಯಲ್ಲೇ ಕೈಮುಗಿದಳು.

ಮೂಲೆ ಮನೆಯ ಮಾರಿಯಮ್ಮ ಗಣಿ ಕೆಲಸದವನ ಹೆಂಡತಿ, ಅತ್ತೆಯ ಹಳೆಯ ಸ್ನೇಹಿತೆ. ಅವಳು ಮುನಿನಾರಾಯಣಮ್ಮನನ್ನು ಕಂಡದ್ದೇ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದಳು. “ಎನ್ನಮ್ಮಾ ಪಾಲ್ಕಾರಮ್ಮಾ, ಏನಾಯ್ತು ನಿಂಗೆ?” ಅಂತ, ಲೈನಿನವರೆಲ್ಲ ಹಾಲಿನಮ್ಮನಿಗೆ ಅನ್ನುವ ಹೆಸರಲ್ಲೇ ಕೇಳಿ ಸುಮ್ಮನೆ ಅವಳ ಬಾಯಿ ನೋಡುತ್ತಾ ಕೂತಳು. ಅಶ್ವತ್ಥಮ್ಮ ಉತ್ತರ ಹೇಳಹೋದರೆ ಕೈ ಎತ್ತಿ ತಡೆದಳು. ಅವಳಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಸ್ನೇಹಿತೆಯ ಬಾಯಿಂದಲೇ ಸುದ್ದಿ ಕೇಳುವ ಆಸೆ, ಅಷ್ಟೆ.

ಮುನಿನಾರಾಯಣಮ್ಮ ಹುಡುಕಿದಳು. ತುಟಿ ಕಚ್ಚಿದಳು. ಕೊನೆಗೆ ಎಡಗೈಯನ್ನು ತಲೆಯ ಮೇಲಿಟ್ಟು, “ತಲೈ... ಪೋಚ್ಚು,” ಅಂದಳು. ತಲೆ ಹೋಯಿತು ಅಂತ.

ಮಾರಿಯಮ್ಮ ಘೊಳ್ಳನೆ ನಕ್ಕಳು. “ಎಲ್ಲಿ ಪೋಚ್ಚು? ಇಲ್ಲೇ ಐತಲ್ಲ!” ಅಂತ ಸ್ನೇಹಿತೆಯ ತಲೆ ತಟ್ಟಿದಳು. ಮುನಿನಾರಾಯಣಮ್ಮನೂ ನಕ್ಕಳು, ಸೊಟ್ಟ ಬಾಯಲ್ಲೇ, ಭುಜ ಕುಣಿಯುವಂತೆ. ಮನೆಯವರಾರೂ ನೋಡಿರದ ಆ ನಗುವನ್ನು ಕಂಡು ಅಶ್ವತ್ಥಮ್ಮನ ಕಣ್ಣು ತುಂಬಿ ಬಂತು.

ಅಲ್ಲಿಂದ ದಿನಾ ಅದೇ ಕಾಯಕ. ಮಾರಿಯಮ್ಮ ಜಗಲಿಯಲ್ಲಿ ‘ಪಾಲ್’ ಅನ್ನುವಳು, ಅತ್ತೆ ‘ಪಾಲ್’ ಅನ್ನುವಳು, ಸೊಸೆ ಹಿಂದೆಯೇ ‘ಆಲು’ ಅನ್ನುವಳು. ‘ತಣ್ಣಿ’, ‘ನೀರು’. ತಮಿಳಿನ ಬೆನ್ನು ಹತ್ತಿ ಒಂದೊಂದು ಕನ್ನಡದ ಮಾತು ತಡವರಿಸುತ್ತಾ ಬರತೊಡಗಿತು. ಬಂದದ್ದು ಸಂಜೆಗೆ ಮತ್ತೆ ಮರೆಯಾಗುವುದೂ ಉಂಟು. ಮನೆಗೆ ಬಂದರಂತೂ ಗಂಡನ ಮುಖ ಕಂಡ ತಕ್ಷಣ ನಾಲಗೆ ಕಟ್ಟಿಹೋಗುತ್ತಿತ್ತು. ಅವನು ಅಷ್ಟು ದೂರ ಕೂತು, ಹೆದರಿದ ಕಣ್ಣಲ್ಲಿ ನೋಡುತ್ತಿದ್ದರೆ ಯಾರಿಗೆ ತಾನೇ ಮಾತು ಬಂದೀತು?

ಅತ್ತೆಯನ್ನು ಸೊಸೆ ಹಾಲಿಗೆ ಕರೆದೊಯ್ಯುವ ಸುದ್ದಿ ಬಂಗಾರಪೇಟೆ ಮುಟ್ಟಿತು. ಅಲ್ಲಿಗೆ ಕೊಟ್ಟಿದ್ದ ಮಗಳು ಮಂಗಮ್ಮ, ಜಯರಾಮಪ್ಪನ ಅಕ್ಕ, ಒಂದು ಚೀಲ ಕಿತ್ತಳೆ ಹಣ್ಣು, ಎರಡು ಬಾಟಲಿ ಟಾನಿಕ್ಕು ಹೊತ್ತು ಇಳಿದಳು. ಹೊಸ್ತಿಲು ದಾಟುವ ಮುಂಚೆಯೇ ಶುರು ಮಾಡಿದಳು.

“ಏನಮ್ಮಿ, ಲಕ್ವ ಒಡೆದೋಳ ತಲೆ ಮ್ಯಾಲೆ ಆಲಿನ ಕ್ಯಾನು ಒರ್ಸಿ ಬೀದಿ ಸುತ್ತುಸ್ತೀಯಂತೆ?”

“ಕ್ಯಾನು ನಾನ್ ಒರ್ತೀನಕ್ಕ. ಅತ್ತೆ ಪಾವು ಇಡ್ಕೋತಾರೆ.”

“ಊರೋರು ಏನಂತಾರೆ? ಸೊಸೆ ದುಡ್ಸಕ್ಕೆ ಆಕಿದ್ಳು ಅನ್ನಲ್ವಾ? ಲೋ ಜಯರಾಮ, ನೀನ್ಯಾಕೆ ಬಾಯಿಗೆ ಬೀಗ ಆಕ್ಕೊಂಡಿದೀಯ?”

“ಅಮ್ಮ ಅಲ್ಲಿ ನಗ್ತಾಳಂತೆ ಅಕ್ಕ,” ಅಂದ ಜಯರಾಮಪ್ಪ ಮೆಲ್ಲಗೆ.

“ನಗೋದು ಅವ್ಳಲ್ಲ,” ಅಂತ ಚಿಕ್ಕಮುನಿಯಪ್ಪ ಮೂಲೆಯಿಂದ ಗೊಣಗಿದ.

ಅಶ್ವತ್ಥಮ್ಮ ತಡೆದುಕೊಳ್ಳಲಿಲ್ಲ. “ಮಾವ, ನಿಮ್ಗೆ ಅವ್ರು ಆಡಿದ್ರೂ ಭಯ, ಆಡ್ದಿದ್ರೂ ಭಯ. ಒಂದಿನ ನಮ್ ಜೊತೆ ಲೈನಿಗೆ ಬನ್ನಿ. ನೋಡಿ ಮಾತಾಡಿ.”

“ನನ್ನೆಂಡ್ತಿನ ನೋಡಕ್ಕೆ ನಾನ್ ಬೇರೇರ ಬಾಗಿಲಿಗೆ ಓಗ್ಬೇಕಾ?” ಅಂದು ಮುದುಕ ತಟ್ಟೆ ತಳ್ಳಿ ಎದ್ದುಹೋದ. ಮುದ್ದೆ ಅರ್ಧ ಹಾಗೇ ಇತ್ತು. ಇತ್ತೀಚೆಗೆ ಅವನ ತಟ್ಟೆಯಲ್ಲಿ ದಿನಾ ಅರ್ಧ ಉಳಿಯುತ್ತಿತ್ತು. ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಬೈಯುವವರಿಲ್ಲದೆ ಆ ಮುದುಕನಿಗೂ ಊಟ ರುಚಿಸುತ್ತಿರಲಿಲ್ಲ, ಬಾಯಿಬಿಟ್ಟು ಹೇಳುವ ಜಾತಿ ಅಲ್ಲ ಅದು.

ಮಂಗಮ್ಮ ಅಮಾವಾಸ್ಯೆ ತನಕ ಉಳಿದಳು. ಬೈದುಕೊಂಡೇ ಉಳಿದಳು, ಬೈದುಕೊಂಡೇ ಕೆಲಸಕ್ಕೂ ನಿಂತಳು. ಮುದ್ದೆಗೆ ಹಾಕುವ ನುಚ್ಚು ತೀರಿದ್ದರಿಂದ ಒಂದು ಬೆಳಿಗ್ಗೆ ಬೀಸುವ ಕಲ್ಲು ಎಳೆದು ಕೂತು, ತಾಯಿಯ ಎಡಗೈಯನ್ನು ಗೂಟದ ಮೇಲಿಟ್ಟು ತನ್ನ ಕೈ ಅದರ ಮೇಲಿಟ್ಟಳು. ಕಲ್ಲು ತಿರುಗಿತು. ಗರಗರ ಸದ್ದು ಒಂದು ಹದಕ್ಕೆ ಬಂತು. ಯಾರೂ ಏನೂ ಕೇಳಿರಲಿಲ್ಲ. ಮುನಿನಾರಾಯಣಮ್ಮ ತಾನಾಗಿಯೇ ಎತ್ತಿಕೊಂಡಳು:

“ಸುತ್ತಿ ಬಾರೆ ಕಲ್ಲವ್ವ, ಮೆಲ್ಲಕೆ ಸುತ್ತಿ ಬಾರೆ,
ಅಟ್ಟೀಗೆ ನಮ್ಮಣ್ಣ ಬರೋ ಒತ್ತು...”

ಅಚ್ಚ ಕನ್ನಡ! ಒಂದು ಮಾತೂ ತೊದಲಲಿಲ್ಲ. ಒಲೆಯ ಮುಂದಿದ್ದ ಅಶ್ವತ್ಥಮ್ಮನ ಕೈಯಲ್ಲಿ ಊದುಗೊಳವೆ ಹಾಗೇ ನಿಂತಿತು. ಮಂಗಮ್ಮನ ಕೆನ್ನೆ ಮೇಲೆ ನೀರು ಹರಿಯುತ್ತಿತ್ತು, ಕಲ್ಲು ಮಾತ್ರ ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಲ್ಲಿ ಹಾಡೂ ನಿಲ್ಲುತ್ತದೋ ಅಂತ ನುಚ್ಚು ಹಿಟ್ಟಾಗುವ ತನಕ ಬೀಸಿದಳು. ಕಲ್ಲು ನಿಂತ ಮೇಲೆ “ಅಮ್ಮಾ, ನಾನ್ಯಾರೇಳು?” ಅಂದರೆ ಮತ್ತೆ ‘ಆ... ಆ...’

“ಮಾತಾಡಕ್ಕೆ ಆಗ್ದಿದ್ದು ಪದವಾಗಿ ಬತ್ತೈತಲ್ಲೇ,” ಅಂದಳು ಮಂಗಮ್ಮ ಬೆರಗಾಗಿ. ಹಬ್ಬ ಹುಣ್ಣಿಮೆಗಳಲ್ಲಿ ಬಾಯಿಪಾಠ ಹೇಳಿದ್ದು, ಕೈಕೆಲಸದ ಜೊತೆ ಹಾಡಿದ್ದು, ಅದಕ್ಕೆ ಬೇರೆ ದಾರಿ ಇದೆ ಅಂತ ಅಂದು ಅವರಿಬ್ಬರಿಗೂ ಹೊಳೆಯಿತು. ಹೇಗೆ, ಯಾಕೆ ಅಂತ ಕೇಳಿದರೆ ಅವರಿಗೇನು ಗೊತ್ತು? ಮಂಗಮ್ಮ ಆ ಮೇಲೆ ಟಾನಿಕ್ಕಿನ ಬಾಟಲಿ ಮುಟ್ಟಲಿಲ್ಲ. ಓಡಿಹೋಗಿ ಅಪ್ಪನಿಗೆ ಹೇಳಿದಳು. ಮುದುಕ, “ದೆವ್ವಗ್ಳೂ ಪದ ಆಡ್ತವೆ,” ಅಂದ.

ಅಮಾವಾಸ್ಯೆ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೋದಂಡಪ್ಪ ಬಂದ. ಅಂಗಳದಲ್ಲಿ ಮಣೆ ಹಾಕಿಸಿ ಮುನಿನಾರಾಯಣಮ್ಮನನ್ನು ಕೂರಿಸಿದ. ನಿಂಬೆಹಣ್ಣು ಕೊಯ್ದು ನಾಲ್ಕು ದಿಕ್ಕಿಗೆ ಎಸೆದ. ಹುಣಸೆ ಬರಲನ್ನು ನೀರಲ್ಲಿ ಅದ್ದಿ ಝಾಡಿಸಿದ. ಬೇಲಿಯಾಚೆ ಊರೆಲ್ಲ ನಿಂತಿತ್ತು.

“ಯಾರು ನೀನು? ಎಸ್ರೇಳು.”

ಮುನಿನಾರಾಯಣಮ್ಮ ಅವನನ್ನು ನೋಡಿದಳು. ಪಾಪ, ಉತ್ತರ ಕೊಡಬೇಕು ಅಂತ ಅವಳಿಗೆ ಆಸೆ. ಇಷ್ಟು ದಿನ ಬಾಗಿಲು ಬಾಗಿಲಲ್ಲಿ ಕರೆಸಿಕೊಂಡದ್ದೇ ನಾಲಗೆಗೆ ಬಂತು. “ಪಾ... ಪಾಲ್ಕಾರಮ್ಮ.”

“ಕೇಳುದ್ರಲ್ಲ? ತಮಿಳ್ದೇ,” ಅಂದು ಕೋದಂಡಪ್ಪ ಬರಲಿನಿಂದ ನೆಲಕ್ಕೆ ಒಂದು ಬಾರಿಸಿದ. ಅವಳು ಬೆಚ್ಚಿ, ಸೋತ ಕೈಯನ್ನು ಇನ್ನೊಂದು ಕೈಯಿಂದ ಮರೆಮಾಡಿಕೊಂಡಳು.

“ಮಾವ, ನಿಮ್ ಕಣ್ಮುಂದೆ ಒಡೀತಾರೆ. ನೋಡ್ಕೊಂಡಿರ್ತೀರಾ?”

“ಒಡೆಯೋದು ಅವ್ಳಿಗಲ್ಲ ಕಣಮ್ಮ. ಅದಕ್ಕೆ,” ಅಂದ ಚಿಕ್ಕಮುನಿಯಪ್ಪ. ಮುಖ ಬೇಲಿ ಕಡೆ ತಿರುಗಿಸಿಕೊಂಡ.

ಜಯರಾಮಪ್ಪ ಒರಗಿದ್ದ ಕಂಬ ಬಿಟ್ಟು ಬಂದು ಕೋದಂಡಪ್ಪನ ಮುಂದೆ ನಿಂತ. ಕೋದಂಡಪ್ಪ ತಾಳ್ಮೆಯಿಂದಲೇ ಹೇಳಿದ, “ನೋಡಪ್ಪ, ನಾನು ಅನ್ಯಾಯ ಮಾಡೋನಲ್ಲ. ಇನ್ನೊಂದ್ ಕೇಳ್ತೀನಿ. ಗಂಡನ ಎಸ್ರು ಏಳ್ಲಿ. ಬಂದು ಸೇರ್ಕೊಂಡಿದ್ದಕ್ಕೆ ಗಂಡ ಯಾರು ಅಂತ ಗೊತ್ತಿರಲ್ಲ. ಏಳುದ್ರೆ ಬರಲು ಮುರ್ದಾಕಿ ಬಂದ್ ದಾರಿ ಇಡೀತೀನಿ.”

ನೆರೆದವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ಅಶ್ವತ್ಥಮ್ಮ ಬೇಲಿಯಾಚೆಯ ಹೆಂಗಸರತ್ತ ನೋಡಿದಳು. ಅಲ್ಲಿ ನಿಂತ ಯಾವ ಹೆಂಗಸು ತಾನೇ ಗಂಡನ ಹೆಸರು ಹೇಳುತ್ತಾಳೆ? ಆಯಸ್ಸು ಕಮ್ಮಿಯಾಗುತ್ತದೆ ಅಂತ ತಾನೂ ಹೇಳುವುದಿಲ್ಲ, ಮಂಗಮ್ಮ ಹೇಳುವುದಿಲ್ಲ, ಈ ಕೋದಂಡಪ್ಪನ ಹೆಂಡತಿಯೂ ಹೇಳಿರಲಾರಳು. ಹಾಗಾದರೆ ಇವನು ಈವರೆಗೆ ಬಡಿದ ಹೆಂಗಸರೆಲ್ಲ ದೆವ್ವಗಳೇ? ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲವಲ್ಲ ಅಂತ ಕೋಪ ಬಂತು. ಕೋಪದ ಬೆನ್ನಿಗೇ ಇನ್ನೊಂದು ಹೊಳೆಯಿತು. ಹೆಣ್ಣು ಗಂಡನ ಹೆಸರು ಹೇಳುವ ಜಾಗ ಒಂದಿದೆ. ಒಂದೇ ಒಂದು.

ಅವಳು ನೆಗೆದು ಹೋಗಿ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಳು. “ಅಕ್ಕ, ಅತ್ತೇನ ಕರ್ಕೊಂಡ್ ಬನ್ನಿ. ಮಾವ, ನೀವು ಪಕ್ಕ ನಿಂತ್ಕೊಳಿ. ಬಲಗಡೆ. ಮದ್ವೆ ಗಂಡು ನಿಂತ್ಕೊಳ್ಳೋ ಅಂಗೆ.”

“ತಲೆ ಕೆಟ್ಟೈತಾ ನಿಂಗೆ?”

“ನಿಂತ್ಕೊಳಪ್ಪಯ್ಯ,” ಅಂದ ಜಯರಾಮಪ್ಪ. ತನ್ನ ಜನ್ಮದಲ್ಲಿ ಅಪ್ಪನ ಮೇಲೆ ದನಿ ಏರಿಸಿದ್ದು ಅದೇ ಮೊದಲು.

ಮಂಗಮ್ಮನಿಗೆ ಅರ್ಥವಾಗಿತ್ತು. ತಾಯಿಯನ್ನು ಹೊಸ್ತಿಲ ಮುಂದೆ ನಿಲ್ಲಿಸಿ, ಓಡಿ ಒಳಗಿಂದ ಆರತಿ ತಟ್ಟೆ ತಂದು, ಅರಿಶಿನ ಸುಣ್ಣದ ನೀರು ಕಲಸಿ ಹಿಡಿದಳು. ಮದುವೆ ಮನೆಯಲ್ಲಿ ಹೆಣ್ಣು ಗಂಡು ಇಬ್ಬರನ್ನೂ ಹೊಸ್ತಿಲಲ್ಲಿ ತಡೆದು, ಒಬ್ಬರ ಹೆಸರು ಒಬ್ಬರಿಂದ ಹೇಳಿಸುವಾಗ ಎಲ್ಲರೂ ಎಳೆಯುವ ರಾಗದಲ್ಲೇ ಅತ್ತಿಗೆ ನಾದಿನಿ ಇಬ್ಬರೂ ಎಳೆದರು, “ಎಸ್ರೇಳಿ ಒಳಗ್ ಬಾರೇ ಎಣ್ಣೇ, ಎಸ್ರೇಳಿ ಒಳಗ್ ಬಾ...”

ಮುನಿನಾರಾಯಣಮ್ಮ ತಟ್ಟೆ ನೋಡಿದಳು. ಅಡ್ಡ ಚಾಚಿದ ಕೈ ನೋಡಿದಳು. ಬಲಕ್ಕೆ ನಿಂತವನ ಕಾಲು ನೋಡಿದಳು. ಅಶ್ವತ್ಥಮ್ಮ ಕಾಯ್ದಳು. ತೋಳು ಸೋತು ಬಂದರೂ ಇಳಿಸದೆ ಕಾಯ್ದಳು.

ಆ ಮುದುಕಿ ಎಡಗೈಯಿಂದ ಸೆರಗು ಎಳೆದು ತಲೆ ಮೇಲೆ ಹೊದ್ದುಕೊಂಡಳು. ತಲೆ ತಗ್ಗಿಸಿದಳು. ಮದುವಣಗಿತ್ತಿಯ ನಾಚಿಕೆ ಆ ಸೊಟ್ಟ ಮುಖದ ಮೇಲೆ ಬಂದು ನಿಂತದ್ದನ್ನು ಬೇಲಿಯಾಚೆಯವರೂ ಕಂಡರು. ಆಮೇಲೆ ಸಣ್ಣ ದನಿಯಲ್ಲಿ, ಒಂದು ಅಕ್ಷರವೂ ಜಾರದಂತೆ:

“ಒಲದಾಗೆ ರಾಗಿ, ಒಲೆ ಮ್ಯಾಲೆ ಮುದ್ದೆ,
ಚಿಕ್ಕಮುನಿಯಪ್ಪೋರ ಕೈ ಇಡ್ದು ನಾ ಗೆದ್ದೆ.”

ಹೆಂಗಸರೆಲ್ಲ ‘ಅಯ್ಯೋ ನಮ್ಮವ್ವ’ ಅಂತ ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಕೋದಂಡಪ್ಪನೂ ಆಡಿದ ಮಾತಿಗೆ ತಪ್ಪಲಿಲ್ಲ. ಬರಲನ್ನು ಮೊಣಕಾಲಿಗೆ ಕೊಟ್ಟು ಮುರಿದು ಬೇಲಿಗೆ ಎಸೆದ. ಜಯರಾಮಪ್ಪ ಅಂಗಳದಲ್ಲೇ ಕುಕ್ಕರಿಸಿ ಕೂತು ಅತ್ತ.

ಅಶ್ವತ್ಥಮ್ಮ ಇನ್ನೂ ಕೈ ಇಳಿಸಿರಲಿಲ್ಲ. “ಎಣ್ಣಿಂದಾಯ್ತು. ಗಂಡಿಂದು? ನಿಮ್ದೂ ಆಗ್ಬೇಕು ಮಾವ.”

ಚಿಕ್ಕಮುನಿಯಪ್ಪ ಬಾಯಿ ತೆರೆದ. ಹೆಂಡತಿಯನ್ನು ಅವನು ‘ಲೇ’ ಅಂದಿದ್ದ, ‘ಇವಳೇ’ ಅಂದಿದ್ದ, ಮಂಗಮ್ಮ ಹುಟ್ಟಿದ ಮೇಲೆ ‘ಮಂಗಿ ಅವ್ವ’ ಅಂದಿದ್ದ. ಹೆಸರು ಹಿಡಿದು ಕರೆದದ್ದು ಮದುವೆಯ ದಿನ ಒಂದು ಸಲ. ತುಟಿ ಅದುರಿತು, ಕತ್ತಿನ ನರ ಉಬ್ಬಿತು, ‘ಆ... ಆ...’ ಅನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿತು. ಮಗ ಹೇಳಿಕೊಡಲು ಬಾಯಿ ತೆರೆದರೆ ಮುನಿನಾರಾಯಣಮ್ಮ ಎಡಗೈ ಎತ್ತಿ ತಡೆದಳು. ತಡೆದು, ಗಂಡನ ಬಾಯನ್ನೇ ನೋಡುತ್ತಾ ನಿಂತಳು. ಅವಳಿಗೆ ಅವಸರವಿರಲಿಲ್ಲ.

“ಮುನಿ...” ಅಂದ ಮುದುಕ. ಉಸಿರು ಎಳೆದುಕೊಂಡ. “ಮುನಿನಾರಾಯಣಮ್ಮ.”

ಆ ಮಾತಿಗೆ ಹಾಡಿರಲಿಲ್ಲ, ಪಾಠವಿರಲಿಲ್ಲ, ತಮಿಳಿನ ಆಸರೆ ಇರಲಿಲ್ಲ. ಆದರೂ ಉತ್ತರ ಬಂತು.

“ಏನು,” ಅಂದಳು ಅವಳು. “ಬಂದೆ.”

ಅಶ್ವತ್ಥಮ್ಮ ಬಾಗಿಲಿಂದ ಪಕ್ಕಕ್ಕೆ ಸರಿದಳು.